ಗೋಲುಕಂಬದ ಮೇಲಿನ ಚರ್ಚೆ

ಗೋಲುಕಂಬದ ಕೊಳವೆಯೊಳಗಿನ ಗೂಡಿನಲ್ಲಿ ಗಂಡು ಗೊರವಂಕವೊಂದು ಒಂಟಿಯಾಗಿ ಎರಡು ಮೊಟ್ಟೆಗೆ ಕಾವು ಕೊಡುತ್ತಿತ್ತು. ಕೆಳಗೆ ಹೊಸ ಕೋಚ್ ಆಟಗಾರರಿಂದ ಚೆಂಡನ್ನು ನೆಲದ ಮೇಲೇ ಪಾಸ್ ಮಾಡಿಸುತ್ತಿದ್ದ.

ಕಂಬದ ಮೇಲೆ ಕೂತ ಕಾಗೆ ಬೈಯಿತು: "ಇದೇನು ಫುಟ್ಬಾಲೋ, ಗೋಲಿಯಾಟವೋ? ಹಳೇ ಕೋಚ್ ಇದ್ದಾಗ ದೂರದಿಂದಲೇ ಒದೆಯುತ್ತಿದ್ದರು. ಕಂಬ ನಡುಗುತ್ತಿತ್ತು. ಇವನನ್ನು ಕಳಿಸಿ ಅವನನ್ನೇ ಕರೆಸಬೇಕು."

"ಹೌದು ಕಾಗೆಯಣ್ಣ, ನಡುಗುತ್ತಿತ್ತು" ಎಂದಿತು ಗೊರವಂಕ. "ಅಂಥ ಒಂದು ಒದೆತಕ್ಕೇ ನನ್ನ ಹೆಂಡತಿ ಹೋದಳು. ಮೂರನೇ ಮೊಟ್ಟೆಯೂ ಕೆಳಗೆ ಬಿತ್ತು."

"ಪಾಪ. ಆದರೂ ಆಟ ಅಂದರೆ ಅದೇ ಮಾರಾಯ."

"ಬಿದ್ದ ಮೊಟ್ಟೆಯನ್ನು ತಿಂದವರು ಯಾರು?"

ಕಾಗೆ ಕೊಕ್ಕನ್ನು ಕಂಬಕ್ಕೆ ಒರೆಸಿಕೊಂಡಿತು. "ಹೊಸ ಕೋಚಿಗೆ ಆಟವೇ ಗೊತ್ತಿಲ್ಲ" ಎಂದು ಹಾರಿಹೋಯಿತು.

ಗೊರವಂಕ ಮೊಟ್ಟೆಗಳನ್ನು ಮಗುಚಿ ಮತ್ತೆ ಕಾವಿಗೆ ಕೂತಿತು.