ಗೂಟದ ಮೇಲಿನ ಕೀಲಿಕೈ

ಅಡುಗೆಮನೆಯ ವಾಷಿಂಗ್ ಮಷೀನಿನ ಚಿಪ್‌ನೊಳಗೆ ಎರಡು ಪ್ರೋಗ್ರಾಮುಗಳಿದ್ದವು. ಬಾಗಿಲಿನ ಕೀಲಿಕೈ ಮೇಲ್ವಿಚಾರಕನ ಬಳಿ. ಒಗೆತ ಮುಗಿದಾಗ ಹಾಡುವ ಹಾಡುಗಾರನಿಗೆ ಕರೆಗಂಟೆ ಮಾತ್ರ.

“ಬಾಗಿಲು ತೆಗೆಸಲು ಪ್ರತಿ ಸಲ ನಿಮ್ಮನ್ನೇ ಕರೆಯಬೇಕೇ? ನನಗೂ ಒಂದು ಕೀಲಿಕೈ ಕೊಡಿ” ಎಂದು ಹಾಡುಗಾರ ಸಿಡುಕಿದ.

“ಕೊಡುವುದಿಲ್ಲ” ಎಂದ ಮೇಲ್ವಿಚಾರಕ.

ಅಂದೇ, ಒಗೆತ ನಡೆಯುತ್ತಿರುವಾಗ, ಹಾಡಿನ ತಾಲೀಮಿನ ನಡುವೆ ಹಾಡುಗಾರನಿಗೆ ಸ್ವರಗಳ ಎಣಿಕೆ ತಪ್ಪಿತು. ಹಾಡಿನ ಕೊನೆ ಬಂತು, ಒಗೆತವೂ ಮುಗಿಯಿತೆಂದುಕೊಂಡು, ಡ್ರಮ್ಮಿನ ತುಂಬ ನೀರಿರುವಾಗಲೇ ಬಾಗಿಲಿಗೆ ಕೈ ಹಾಕಿದ. ಬೀಗ ಹಾಕಿದ ಬಾಗಿಲನ್ನು ಎಳೆದದ್ದಕ್ಕೆ ಗಂಟೆ ತಾನಾಗಿ ಮೊಳಗಿತು. ಮೇಲ್ವಿಚಾರಕ ಓಡಿಬಂದು ಅವನನ್ನು ಮೊದಲ ಸ್ವರಕ್ಕೆ ತಂದು ನಿಲ್ಲಿಸಿದ.

“ಕೀಲಿಕೈ ನನ್ನಲ್ಲಿದ್ದಿದ್ದರೆ?”

“ಮನೆಯವರು ಅಡುಗೆಮನೆಯಲ್ಲಿ ಈಜುತ್ತಿದ್ದರು!”

ಇಬ್ಬರೂ ನಕ್ಕರು. ಒಗೆತ ಮುಗಿದಾಗ ಹಾಡುಗಾರ ಖುಷಿಯಿಂದಲೇ ಗಂಟೆ ಒತ್ತಿದ. ಮೇಲ್ವಿಚಾರಕ ಬಾಗಿಲು ತೆರೆದು, ಕೀಲಿಕೈಯನ್ನು ಗೂಟಕ್ಕೆ ಸಿಕ್ಕಿಸಿ, ಬರಿಗೈಯಲ್ಲಿ ಬಂದು ಹಾಡಿಗೆ ದನಿಗೂಡಿಸಿದ.

“ನೀವೂ ಕೀಲಿಕೈ ಬಿಟ್ಟು ಬಂದಿರಾ?”

“ಹಾಡುವಾಗ ನನಗೂ ಎಣಿಕೆ ತಪ್ಪುತ್ತದಪ್ಪ.”