ಹಾಳಾಗಬಾರದ ವಾರ

"ಬುದ್ಧಿ, ವರ್ಷಕ್ಕೆ ಒಂದು ವಾರ ಒಂದು ಮನೆ ನಮ್ಮದಾಗುತ್ತದೆ ಎಂದರೆ ಅದನ್ನು ಕೊಳ್ಳುವುದು ಸರಿಯೋ ತಪ್ಪೋ?"

ಹೀಗೆ ಕೇಳಿದವನು ಗುರುಮಲ್ಲಪ್ಪ. ಪಟ್ಟಣದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದ ಅವನು ಚಿಕ್ಕಂದಿನಲ್ಲಿ ಮಠದಲ್ಲಿದ್ದು ಓದಿದವನು. ಯಾವುದೇ ದೊಡ್ಡ ಕೆಲಸಕ್ಕೆ ಕೈಹಾಕುವ ಮೊದಲು ಸ್ವಾಮಿಗಳಿಗೆ ಒಂದು ಮಾತು ಹೇಳಿ ಹೋಗುವುದು ಅವನ ರೂಢಿ. ಆ ದಿನ ಹೆಂಡತಿಯನ್ನೂ ಕರೆತಂದಿದ್ದ. ಅವಳು ಸ್ವಾಮಿಗಳಿಗೆ ನಮಸ್ಕಾರ ಮಾಡಿ, ಗಂಡನ ಮಾತು ಮುಗಿಯಲಿ ಎಂದು ಹೊರಗೆ ಜಗಲಿಯ ಮೇಲೆ ಹೋಗಿ ಕೂತಳು.

ಗುರುಮಲ್ಲಪ್ಪ ವಿವರ ಹೇಳಿದ. ಬೆಟ್ಟದ ಮೇಲೆ ಒಂದು ರೆಸಾರ್ಟ್ ಇದೆ. ಅಲ್ಲಿನ ಒಂದೊಂದು ಮನೆಯನ್ನೂ ಐವತ್ತು ಕುಟುಂಬಗಳು ಹಂಚಿಕೊಳ್ಳುತ್ತವೆ. ಒಬ್ಬೊಬ್ಬರಿಗೆ ವರ್ಷದಲ್ಲಿ ಒಂದು ವಾರ. ಆ ವಾರ ಇಪ್ಪತ್ತೈದು ವರ್ಷ ಅವರದೇ.

"ಪ್ರತಿ ವರ್ಷ ಎಲ್ಲಿಗೆ ಹೋಗುವುದು ಅನ್ನುವ ತಲೆನೋವೇ ಇರುವುದಿಲ್ಲ ಬುದ್ಧಿ," ಎಂದ.

"ನಿನ್ನ ಹೆಂಡತಿ ಏನೆಂದಳು?"

"ಅವಳು ಏನೂ ಹೇಳಲಿಲ್ಲ. ಅವಳದೇನೂ ತಕರಾರಿಲ್ಲ."

ಸ್ವಾಮಿಗಳು ಜಗಲಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಒಳ್ಳೆಯ ಮನುಷ್ಯ. ಅವನ ಅಂಗಡಿಯಲ್ಲಿ ಯಾವ ಪಾತ್ರೆಯೂ ಹಾಳಾಗುತ್ತಿರಲಿಲ್ಲ. ತಗ್ಗುಬಿದ್ದ ಕೊಳಗವನ್ನು ತಟ್ಟಿ ಸರಿಮಾಡಿ ಮಾರುತ್ತಿದ್ದ, ಮುಚ್ಚಳ ಕಳೆದ ಡಬ್ಬಕ್ಕೆ ಬೇರೆ ಮುಚ್ಚಳ ಹುಡುಕುತ್ತಿದ್ದ. ಹಾಳುಮಾಡಬಾರದು ಎನ್ನುವುದೊಂದೇ ಅವನಿಗೆ ಗೊತ್ತಿದ್ದ ಧರ್ಮ. ಕೇಳಲು ಚೆನ್ನಾಗಿಯೇ ಇದೆ.

ಅವನಿಗೆ ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು. ಬೇಸಿಗೆಯಲ್ಲಿ ಅಂಗಡಿಗೆ ಬೀಗ ಹಾಕಿ ನಾಲ್ವರೂ ಎಲ್ಲಿಗಾದರೂ ಹೋಗಿಬರುತ್ತಿದ್ದರು. ಎಲ್ಲಿಗೆ ಎನ್ನುವುದಕ್ಕೆ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ವರ್ಷ ಒಬ್ಬರ ಸರದಿ. ಯುಗಾದಿಯ ದಿನ ಬೇವು ಬೆಲ್ಲ ತಿಂದಾದ ಮೇಲೆ ಸರದಿಯವರು ಊರಿನ ಹೆಸರು ಹೇಳಬೇಕು. ಹೇಳಿದ ಊರಿಗೆ ಎಲ್ಲರೂ ಹೋಗಬೇಕು. ಯಾಕೆ ಆ ಊರು ಎಂದು ಯಾರೂ ಕೇಳುವಂತಿಲ್ಲ. ಯುಗಾದಿಯವರೆಗೆ ಸರದಿಯವರು ಬಾಯಿ ಬಿಡುವಂತಿಲ್ಲ.

ಈ ಪದ್ಧತಿಯಿಂದ ಅವರು ಎಂಥೆಂಥ ಊರಿಗೆ ಹೋದರು ಎಂದರೆ ನಗು ಬರುತ್ತದೆ. ವ್ಯಾಪಾರಿ ತನ್ನ ಸರದಿಯಲ್ಲಿ ಹಿತ್ತಾಳೆ ಎರಕ ಹೊಯ್ಯುವವರ ಊರಿಗೆ ಕರೆದುಕೊಂಡು ಹೋದ. ಮೂರು ದಿನ ಮಕ್ಕಳು ಹೊಗೆ ಕುಡಿದರು. ಏಳು ವರ್ಷದ ಮಗ ಒಂದು ರೈಲ್ವೆ ಜಂಕ್ಷನ್ನಿನ ಹೆಸರು ಹೇಳಿದ. ನಾಲ್ವರೂ ಎರಡು ದಿನ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು, ಮನೆಯಿಂದ ತಂದ ಚಪಾತಿ ತಿನ್ನುತ್ತ, ಬಂದ ರೈಲು ಹೋದ ರೈಲು ನೋಡಿದರು. ರಾತ್ರಿ ಛತ್ರದಲ್ಲಿ ಮಲಗಿದರು. ದಾರಿಯಲ್ಲಿ ಸಿಕ್ಕ ನೆಂಟರ ಮನೆಗಳಿಗೆಲ್ಲ ನುಗ್ಗಿ ಊಟ ಮಾಡಿದರು. ಬಂದವರೂ ಹೊಟ್ಟೆ ತುಂಬ ನಗುತ್ತಿದ್ದರು, ಇಕ್ಕಿದವರೂ ನಗುತ್ತಿದ್ದರು.

ಆ ಜಂಕ್ಷನ್ನಿಗೆ ಹೋದ ವರ್ಷ ನಿಜವಾಗಿ ಮಗನ ಸರದಿಯಲ್ಲ. ಅದು ತಾಯಿಯ ಸರದಿ. ಮಗ ಆಸೆಪಡುತ್ತಾನೆ ಎಂದು ಅವಳು ಬಿಟ್ಟುಕೊಟ್ಟಿದ್ದಳು. ನಾಲ್ಕು ವರ್ಷ ಕಳೆದು ಮತ್ತೆ ಅವಳ ಸರದಿ ಬಂದಾಗ ಮಗಳಿಗೆ ಸಮುದ್ರ ನೋಡಬೇಕಾಗಿತ್ತು. ಅದನ್ನೂ ಬಿಟ್ಟುಕೊಟ್ಟಳು. ಇನ್ನೂ ನಾಲ್ಕು ವರ್ಷ ಕಳೆಯಿತು. ಆ ವರ್ಷ ದೀಪಾವಳಿಯಲ್ಲಿಯೇ, ಎಣ್ಣೆ ಹಚ್ಚುತ್ತ, ಅವಳು ಎಲ್ಲರಿಗೂ ಹೇಳಿಬಿಟ್ಟಳು:

"ಈ ಸಲ ನಂದು. ಯಾರು ಅತ್ರೂ ಕೊಡಲ್ಲ."

ಮಕ್ಕಳು ಚಪ್ಪಾಳೆ ತಟ್ಟಿದರು. ಅಮ್ಮನ ಊರು ಯಾವುದಿರಬಹುದು ಎಂದು ಅವರಿಗೆ ತಡೆಯಲಾರದ ಕುತೂಹಲ. ಅವಳು ಹೇಳಲಿಲ್ಲ. ಯುಗಾದಿಗೆ ಇನ್ನೂ ಐದು ತಿಂಗಳಿತ್ತು.

ಆ ಐದು ತಿಂಗಳ ನಡುವೆ ಒಂದು ದಿನ ವ್ಯಾಪಾರಿಯನ್ನು ಯಾರೋ ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದರು. ಊಟವಾದ ಮೇಲೆ ಬೆಟ್ಟದ ಮೇಲಿನ ಮನೆಯ ಚಿತ್ರ ತೋರಿಸಿದರು. ವರ್ಷಕ್ಕೆ ಒಂದು ವಾರ, ಮೇ ತಿಂಗಳಲ್ಲಿ. ಮೂರು ಹೊತ್ತೂ ಊಟ ಅಲ್ಲೇ. ವ್ಯಾಪಾರಿ ಸಹಿ ಹಾಕಿದ. ಅವನಿಗೆ ಕೆಟ್ಟ ಬುದ್ಧಿ ಇರಲಿಲ್ಲ, ಗುರುಮಲ್ಲಪ್ಪ. ಪ್ರವಾಸದಲ್ಲಿಯೂ ಬುತ್ತಿ ಕಟ್ಟುವುದು, ಬಟ್ಟೆ ಒಗೆಯುವುದು ಹೆಂಡತಿಗೇ ಅಂಟಿಕೊಂಡಿತ್ತು. ಇನ್ನು ಮೇಲೆ ಅವಳು ಆರಾಮಾಗಿ ಕೂರಲಿ ಎಂದು ಹೆಂಡತಿಯ ಮೇಲಿನ ಪ್ರೀತಿಯಿಂದಲೇ ಹಾಕಿದ ಸಹಿ ಅದು.

ಯುಗಾದಿ ಬಂತು. ಬೇವು ಬೆಲ್ಲ ತಿಂದಾಯಿತು. ಮಕ್ಕಳು ತಾಯಿಯ ಮುಖ ನೋಡಿದರು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ವ್ಯಾಪಾರಿ ಹೇಳಿದ:

"ಇನ್ನು ಈ ಸರದಿ ಗಿರದಿ ಎಲ್ಲ ಬೇಡ. ನಮ್ದೇ ಮನೆ ಆಯ್ತು, ಬೆಟ್ಟದ ಮೇಲೆ."

ಅವನು ಚಿತ್ರ ತೋರಿಸಿದ. ಅವಳು ನೋಡಿದಳು. "ಚೆನ್ನಾಗಿದೆ," ಎಂದಳು. ಒಬ್ಬಟ್ಟು ತರುತ್ತೇನೆ ಎಂದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತು ಬರಲಿಲ್ಲ. ಅವಳದೇನೂ ತಕರಾರಿರಲಿಲ್ಲ.

ಮೊದಲ ವರ್ಷ ಎಲ್ಲರಿಗೂ ಸಂತೋಷವಾಯಿತು. ಅದನ್ನು ಸುಳ್ಳೆನ್ನಬಾರದು. ಮಕ್ಕಳು ಈಜಿದರು. ಎರಡನೆಯ ವರ್ಷವೂ ಈಜಿದರು. ಮೂರನೆಯ ವರ್ಷ ಮಗ ಪುಸ್ತಕ ಹಿಡಿದು ಕೋಣೆಯಲ್ಲಿ ಕೂತ. ಅದೇ ಕಿಟಕಿ, ಅದೇ ಬೆಟ್ಟ, ಅದೇ ಉಪ್ಪಿಟ್ಟು. ವ್ಯಾಪಾರಿ ಮಾತ್ರ ಗೇಟು ದಾಟುತ್ತಿರಲಿಲ್ಲ, ಯಾರನ್ನೂ ದಾಟಲು ಬಿಡುತ್ತಿರಲಿಲ್ಲ. ಹತ್ತಿರದಲ್ಲಿ ಜಲಪಾತವಿದೆ ಎಂದು ಮಗಳು ಹೇಳಿದರೆ, ಮಧ್ಯಾಹ್ನದ ಊಟ ಹಾಳಾಗುತ್ತದೆ ಎನ್ನುತ್ತಿದ್ದ. ಇರುವುದೇ ಏಳು ದಿನ, ಅದನ್ನು ಹೊರಗೆ ಕಳೆದರೆ ಕೊಂಡದ್ದು ಯಾಕೆ ಎನ್ನುತ್ತಿದ್ದ.

ಅವನ ಮಾತಿನಲ್ಲಿ ತಪ್ಪು ಹುಡುಕಲು ಆಗುವುದಿಲ್ಲ, ನೋಡು. ಒಂದೊಂದು ಮಾತೂ ಸರಿಯಾಗಿಯೇ ಇದೆ.

ದಾರಿಯ ನೆಂಟರ ಮನೆಗಳಿಗೆ ಹೋಗುವುದು ನಿಂತಿತು. ಯಾಕೆ ಬರಲಿಲ್ಲ ಎಂದು ಮೊದಲೆರಡು ವರ್ಷ ಕೇಳಿದರು, ಆಮೇಲೆ ಕೇಳುವುದನ್ನು ಬಿಟ್ಟರು. ಮಗನಿಗೆ ರೈಲ್ವೆಯಲ್ಲೇ ಕೆಲಸ ಸಿಕ್ಕಿತು. ಅವನಿಗೆ ಮೇ ತಿಂಗಳಲ್ಲಿ ರಜೆ ಇರಲಿಲ್ಲ. ಮಗಳಿಗೆ ಮದುವೆಯಾಯಿತು. ಅವಳ ಸೀಮಂತ ಏಳನೆಯ ತಿಂಗಳಲ್ಲಿ ಆಗಬೇಕಾಗಿತ್ತು, ಆ ವಾರದಲ್ಲೇ ದಿನ ಬಂದದ್ದರಿಂದ ಒಂಬತ್ತಕ್ಕೆ ಹೋಯಿತು. ಕೊನೆಗೆ ಗಂಡ ಹೆಂಡತಿ ಇಬ್ಬರೇ ಹೋಗತೊಡಗಿದರು. ನಾಲ್ವರ ಮನೆಯಲ್ಲಿ ಇಬ್ಬರು. ಅವನು ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಪತ್ರಿಕೆ ಓದುತ್ತಿದ್ದ. ಅವಳು ಗೇಟಿನವರೆಗೆ ನಡೆದು ಬರುತ್ತಿದ್ದಳು.

ಹೀಗೆ ಹದಿನಾಲ್ಕು ವರ್ಷ. ಅಷ್ಟು ವರ್ಷವೂ ಅವಳು ತನ್ನ ಊರಿನ ಹೆಸರು ಹೇಳಲಿಲ್ಲ. ಸರದಿ ಇದ್ದವರು ಹೇಳಬೇಕು, ಬೇಡಿ ಪಡೆಯುವುದು ಸರದಿಯಲ್ಲ ಎಂದು ಅವಳು ತಿಳಿದಿದ್ದಳೋ ಏನೋ. ಯಾಕೆ ಎಂದು ಕೇಳುವಂತಿಲ್ಲ ಎನ್ನುವುದು ಆ ಮನೆಯ ಕಟ್ಟುಪಾಡು ನಿಜ. ಎಲ್ಲಿಗೆ ಎಂದು ಕೇಳಬಾರದೆಂದು ಯಾರೂ ಹೇಳಿರಲಿಲ್ಲ. ಅವನು ಅದನ್ನೂ ಕೇಳಲಿಲ್ಲ.

ಹದಿನಾಲ್ಕನೆಯ ವರ್ಷದ ಶ್ರಾವಣದಲ್ಲಿ ಅವಳಿಗೆ ಜ್ವರ ಬಂತು. ಮೂರು ದಿನ ಮಲಗಿದಳು. ನಾಲ್ಕನೆಯ ದಿನ ಇರಲಿಲ್ಲ.

ಮುಂದಿನ ಮೇ ತಿಂಗಳು ಬಂದಾಗ ಮಗ ಹೇಳಿದ, "ಈ ವರ್ಷ ಒಬ್ರೇ ಹೋಗ್ಬೇಡಿ ಅಪ್ಪ."

"ವಾರ ಹಾಳಾಗುತ್ತಲ್ಲೋ," ಎಂದ ವ್ಯಾಪಾರಿ. ತನ್ನ ಬಾಯಿಂದ ಬಂದ ಮಾತು ತನಗೇ ಕೇಳಿಸಿ ನಾಚಿಕೊಂಡ. ಆದರೂ ಹೋದ. ಬೇರೆ ಎಲ್ಲಿಗೆ ಹೋಗಬೇಕೆಂಬುದು ಅವನಿಗೆ ಮರೆತುಹೋಗಿತ್ತು.

ಗೇಟಿನಲ್ಲಿ ಹಳೆಯ ಕಾವಲುಗಾರ ಇದ್ದ. ವ್ಯಾಪಾರಿಯ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಇಣುಕಿ ನೋಡಿದ.

"ಅಮ್ಮಾವ್ರು ಬರ್ಲಿಲ್ವಾ ಸ್ವಾಮಿ?"

"ಇಲ್ಲಪ್ಪ. ತೀರಿಕೊಂಡ್ಲು."

ಕಾವಲುಗಾರ ತಲೆಗೆ ಸುತ್ತಿದ್ದ ಟವಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಕೇಳಿದ:

"ಬಿಳಿಮಂಟಿಗೆ ಕೊನೆಗೂ ಹೋಗಿದ್ರಾ ಸ್ವಾಮಿ ಅವ್ರು?"

ವ್ಯಾಪಾರಿ ಆ ಹೆಸರನ್ನೇ ಕೇಳಿರಲಿಲ್ಲ. ಕಾವಲುಗಾರ ತನಗೆ ಗೊತ್ತಿದ್ದಷ್ಟನ್ನು ಹೇಳಿದ. ಪ್ರತಿ ವರ್ಷ ಬಂದ ಮಾರನೆಯ ದಿನ ಅಮ್ಮಾವ್ರು ಗೇಟಿನ ಹತ್ತಿರ ಬರುತ್ತಿದ್ದರು. ಬಿಳಿಮಂಟಿಯ ಬಸ್ಸು ಎಷ್ಟು ಹೊತ್ತಿಗೆ, ವಾಪಸು ಬರುವುದು ಎಷ್ಟಕ್ಕೆ ಎಂದು ಕೇಳುತ್ತಿದ್ದರು. ಬೆಳಿಗ್ಗೆ ಹೋದರೆ ಸಂಜೆಯೊಳಗೆ ಬರಬಹುದು, ಎರಡು ಗಂಟೆಯ ದಾರಿ ಎಂದು ಅವನು ಪ್ರತಿ ವರ್ಷವೂ ಹೇಳುತ್ತಿದ್ದ. ಒಂದು ವರ್ಷ ಬಸ್ಸು ಹತ್ತಿಯೂಬಿಟ್ಟಿದ್ದರು. ಅಷ್ಟರಲ್ಲಿ ಒಳಗಿನಿಂದ ವ್ಯಾಪಾರಿ, ತಿಂಡಿ ಆರಿಹೋಗುತ್ತದೆ ಎಂದು ಕೂಗಿದ್ದು ಕೇಳಿಸಿತು. ಕಂಡಕ್ಟರಿಗೆ ಬೇಡಪ್ಪ ಎಂದು ಹೇಳಿ ಇಳಿದುಬಿಟ್ಟರು.

ವ್ಯಾಪಾರಿಗೆ ಆ ಬೆಳಿಗ್ಗೆ ನೆನಪಿಗೆ ಬರಲಿಲ್ಲ. ಅವನು ಎಲ್ಲ ಬೆಳಿಗ್ಗೆಯೂ ಹಾಗೆಯೇ ಕೂಗುತ್ತಿದ್ದ.

ಮಾರನೆಯ ದಿನ ಅವನು ಬಿಳಿಮಂಟಿಯ ಬಸ್ಸು ಹತ್ತಿದ. ಎರಡು ಗಂಟೆಯ ದಾರಿಯೇ. ಒಂದು ಟೀ ಅಂಗಡಿ, ಒಂದು ಶಾಲೆ, ಒಂದು ಕೆರೆ, ಮೂವತ್ತು ನಲವತ್ತು ಮನೆ. ನೋಡುವಂಥದ್ದು ಏನೂ ಇರಲಿಲ್ಲ. ಅವಳ ತಂದೆ ರಸ್ತೆ ಕೆಲಸದ ಮೇಸ್ತ್ರಿಯಾಗಿದ್ದವನು, ಕೆಲಸ ಇದ್ದ ಕಡೆ ಸಂಸಾರ ಕಟ್ಟಿಕೊಂಡು ಊರೂರು ತಿರುಗಿದವನು. ಚಿಕ್ಕಂದಿನಲ್ಲಿ ಅವಳು ಇಲ್ಲಿ ಇದ್ದಿರಬಹುದು. ಅವಳು ಯಾವ ಯಾವ ಊರಿನಲ್ಲಿ ಬೆಳೆದಳು ಎಂದು ಇಷ್ಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ಕೇಳಿರಲಿಲ್ಲವಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

ಟೀ ಅಂಗಡಿಯಲ್ಲಿ ಅವಳ ಹೆಸರು ಹೇಳಿ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಮೇಸ್ತ್ರಿಯ ಹೆಸರು ಹೇಳಿದ. ವಯಸ್ಸಾದವರೊಬ್ಬರು ಬಹಳ ಹೊತ್ತು ಯೋಚಿಸಿ, ರಸ್ತೆ ಕೆಲಸದವರು ಎಷ್ಟೋ ಜನ ಬಂದು ಹೋದರು ಎಂದರು. ಶಾಲೆಯ ಮುಂದೆ ನಿಂತ. ಅವಳು ಬರಬೇಕೆಂದಿದ್ದುದು ಈ ಶಾಲೆಗೋ, ಈ ಕೆರೆಗೋ, ಯಾವುದೋ ಒಂದು ಬಾಗಿಲಿಗೋ? ಅವಳ ಜೊತೆ ಬಂದಿದ್ದರೆ ಅವಳು ಎಲ್ಲಿಗೆ ನಡೆಯುತ್ತಾಳೋ ಅದನ್ನು ನೋಡಿಯಾದರೂ ತಿಳಿಯಬಹುದಾಗಿತ್ತು. ಯಾಕೆ ಎಂದು ಕೇಳಬೇಕಾಗಿಯೇ ಇರಲಿಲ್ಲ. ಕೆರೆಯ ಏರಿಯ ಮೇಲೆ ಕೂತು ಅವನು ಅತ್ತ. ಅಂಗಡಿ ಬಾಗಿಲು ತೆರೆದ ದಿನದಿಂದ ಏನನ್ನೂ ಹಾಳಾಗಲು ಬಿಡದವನು ಮಗುವಿನ ಹಾಗೆ ಅತ್ತ.

ನಾಲ್ಕು ಗಂಟೆಯ ಬಸ್ಸು ಹೋಯಿತು. ಅವನು ಏಳಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ಬೆಟ್ಟದ ಮೇಲೆ ಅವನ ಊಟ ಹಾಳಾಯಿತು.

ಆ ವಾರ ಈಗಲೂ ಅವನದೇ. ಇನ್ನೂ ಕೆಲವು ವರ್ಷ ಬಾಕಿ ಇದೆ. ಪ್ರತಿ ಮೇ ತಿಂಗಳಲ್ಲಿ ಅವನು ಹೋಗುತ್ತಾನೆ. ಬೆಳಿಗ್ಗೆ ಬಸ್ಸು ಹತ್ತಿ ಬಿಳಿಮಂಟಿಯಲ್ಲಿ ಇಳಿಯುತ್ತಾನೆ, ಬೀದಿಗಳಲ್ಲಿ ತಿರುಗುತ್ತಾನೆ, ಕತ್ತಲಾಗುವ ಹೊತ್ತಿಗೆ ಹಿಂದಿರುಗುತ್ತಾನೆ. ಟೀ ಅಂಗಡಿಯವರಿಗೆ ಅವನ ಗುರುತು ಸಿಕ್ಕಿದೆ. ಅವಳ ಗುರುತು ಸಿಕ್ಕಿಲ್ಲ.

ಸ್ವಾಮಿಗಳು ಕತೆ ನಿಲ್ಲಿಸಿದರು. ಗುರುಮಲ್ಲಪ್ಪ ಇನ್ನೂ ಏನೋ ಬರುತ್ತದೆ ಎಂದು ಕಾದ. ಬರಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಆ ಊರಿನಲ್ಲಿ ಆಕೆಗೆ ಏನಿತ್ತು ಬುದ್ಧಿ?"

"ಅದನ್ನು ಕೇಳಲು ಆ ವ್ಯಾಪಾರಿಗೆ ಯಾರೂ ಉಳಿದಿರಲಿಲ್ಲ, ನಿನ್ನ ಹೆಂಡತಿ ಹೊರಗೆ ಜಗಲಿಯ ಮೇಲೆ ಕೂತಿದ್ದಾಳೆ," ಎಂದರು ಸ್ವಾಮಿಗಳು.

ಗುರುಮಲ್ಲಪ್ಪ ಬಾಗಿಲ ಕಡೆ ನೋಡಿದ. ಎದ್ದು ಜಗಲಿಗೆ ಹೋದ.