ಹಗ್ಗದ ಆಚೆ ತುದಿ

ಪೇಟೆಯ ನಡುವಿನ ಹೊಳೆಯಲ್ಲಿ ನೀರು ಇಳಿದಾಗಲೆಲ್ಲ ಒಂದು ಏಡಿ ಕೆಸರಲ್ಲಿ ಹೂತ ಹಳೇ ಹಡಗುಗಳನ್ನು ನಡೆದೇ ನೋಡಿಕೊಂಡು ಬರುತ್ತಿತ್ತು, ನೆಂಟರ ಮನೆಗೆ ಹೋದ ಹಾಗೆ. ಒಂದು ಹಡಗು ತನ್ನ ತುಕ್ಕಿನ ಕಥೆ ಹೇಳಿದರೆ ಇನ್ನೊಂದು ಮುರಿದ ಕಂಬದ ಕಥೆ ಹೇಳುತ್ತಿತ್ತು. ಸೇತುವೆಯ ಕೆಳಗೆ ಒರಗಿದ್ದ, ಹಿಂದೆ ಹೆಂಚು ಸಾಗಿಸುತ್ತಿದ್ದ ಮುದಿ ಹಡಗಿನದು ಮಾತ್ರ ಯಾವತ್ತೂ ಒಂದೇ ರಾಗ.

"ನೋಡು ಮಗಾ, ಆ ಲಂಗರು ನನ್ನನ್ನು ಕಟ್ಟಿಹಾಕಿದೆ. ಇಲ್ಲದಿದ್ದರೆ ಇಷ್ಟೊತ್ತಿಗೆ ನಾನು ಲಕ್ಷದ್ವೀಪದಲ್ಲಿ ಇರುತ್ತಿದ್ದೆ."

ಏಡಿಗೆ ಪಾಪ ಅನ್ನಿಸಿತು. ಲಂಗರಿಗೆ ಒಂದು ಮಾತು ಹೇಳಿಯೇ ಬರೋಣವೆಂದು ಹಗ್ಗದ ಗುಂಟ ಅಡ್ಡಡ್ಡ ಹೊರಟಿತು. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಹಗ್ಗವೇ ಮುಗಿಯಿತು. ತುದಿ ಕೊಳೆತು ನಾರಾಗಿತ್ತು. ಲಂಗರು ಅದರಾಚೆ ಎಲ್ಲೋ ಕೆಸರು ಕಚ್ಚಿಕೊಂಡು ಕೂತಿತ್ತು.

"ಲಂಗರಣ್ಣಾ, ಆ ಹಡಗನ್ನು ಬಿಟ್ಟುಬಿಡಬಾರದೇ?"

"ಬಿಡುವುದೇ? ನಾನು ಹಿಡಿದಿದ್ದಕ್ಕೇ ಅದು ಊರಲ್ಲಿ ಉಳಿದಿದೆ. ಮಾತಾಡಿಸಬೇಡ, ಹಿಡಿತ ಸಡಿಲವಾದೀತು!"

ಏಡಿ ನಗು ತಡೆಯಲಾರದೆ ವಾಪಸು ಓಡಿತು. "ಅಜ್ಜಾ, ಸಿಹಿ ಸುದ್ದಿ! ಹಗ್ಗ ಯಾವತ್ತೋ ಹರಿದಿದೆ. ನಿಮ್ಮನ್ನು ಯಾರೂ ಹಿಡಿದಿಲ್ಲ. ಇಗೋ, ನೀರೂ ಏರುತ್ತಿದೆ, ಹೊರಡಿ!"

ಹಡಗಿನ ಒಡೆದ ಹಲಗೆಗಳ ಸಂದಿಯಲ್ಲಿ ನೀರು ಒಳಗೆ ಬಂದು ಹೊರಗೆ ಹೋಯಿತು.

"ಮೆಲ್ಲಗೆ ಮಾತಾಡು ಮಗಾ," ಎಂದಿತು ಹಡಗು. "ನಿನ್ನ ಕೈ ಗಟ್ಟಿ ಇದೆಯಲ್ಲ, ಯಾರೂ ನೋಡುವ ಮೊದಲೇ ಆ ಹಗ್ಗಕ್ಕೊಂದು ಗಂಟು ಹಾಕಿ ಬಾ."